ಮೇಲಿನ ತೋಟಕ್ಕೆ ಕೆಳಗಿನ ತೋಟ ಯಾಕೆ ಬೇಕು

ಮಲೆನಾಡಿನ ಅಡಿಕೆ ತೋಟ ಹೇಗಿದೆ ಎಂದು ತಿಳಿಯಲು ಮರ ನೋಡಿದರೆ ಸಾಲದು, ಕಾದಿಗೆ ನೋಡಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ತೋಟಗಳು ಹೆಚ್ಚಾಗಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿವೆ. ಒಂಬತ್ತು ಅಡಿಗೊಂದು ಮರ, ಎರಡು ಸಾಲಿಗೊಂದು ಬಸಿಗಾಲುವೆ. ಎರಡೂವರೆಯಿಂದ ಮೂರು ಅಡಿ ಆಳದ ಈ ಬಸಿಗಾಲುವೆಯೇ ಕಾದಿಗೆ. ಎಲ್ಲ ಕಾದಿಗೆಗಳೂ ನಡುವಿನ ದೊಡ್ಡ ಕಾಲುವೆಗೆ ಇಳಿಯುತ್ತವೆ. ಆ ಕಾಲುವೆ ಕೆಳಗಿನ ಮನೆಯವರ ತೋಟ ದಾಟಿ, ಅದರ ಕೆಳಗಿನವರದ್ದನ್ನೂ ದಾಟಿ, ಕೊನೆಗೆ ಹಳ್ಳ ಸೇರುತ್ತದೆ. ಪಹಣಿಯಲ್ಲಿ ತೋಟಗಳು ಬೇರೆ ಬೇರೆ. ನೀರಿನ ಲೆಕ್ಕದಲ್ಲಿ ಇಡೀ ಕಣಿವೆ ಒಂದೇ ತೋಟ.

ಆರಿದ್ರೆ, ಪುನರ್ವಸು ಮಳೆ ಹಿಡಿದಾಗ ಇದು ಗೊತ್ತಾಗುತ್ತದೆ. ಸೋಗೆ, ಹಾಳೆ, ಗುಡ್ಡದಿಂದ ಕೊಚ್ಚಿ ಬಂದ ಮಣ್ಣು ಸೇರಿ ಕೆಳಗಿನ ತೋಟದಲ್ಲಿ ಐವತ್ತು ಅಡಿ ಕಾಲುವೆ ಕಟ್ಟಿಕೊಂಡರೆ ಮೇಲಿನ ತೋಟದ ನೀರು ಬಸಿಯುವುದು ನಿಲ್ಲುತ್ತದೆ. ಅಲ್ಲಿ ಕಾದಿಗೆ ತುಂಬಿ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಂದು ಮಳೆಗಾಲ ಹೀಗಾದರೆ ಮರ ತಡೆದುಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಹಿಡಿಮುಂಡಿಗೆ ರೋಗ ಬರುತ್ತದೆ: ಎಲೆ ಗಿಡ್ಡವಾಗಿ, ಕಡು ಹಸಿರಾಗಿ ಮುದುಡುತ್ತದೆ, ಕಾಂಡದ ಗಂಟುಗಳು ಹತ್ತಿರ ಹತ್ತಿರ ಬರುತ್ತವೆ, ಮರ ತುದಿಗೆ ಹೋದಂತೆ ಸಣ್ಣಗಾಗುತ್ತದೆ, ಕೊನೆ, ಅಂದರೆ ಅಡಿಕೆಯ ಗೊಂಚಲು, ಬಿಡುವುದು ನಿಲ್ಲುತ್ತದೆ. ಔಷಧಿ ಹುಡುಕಿಕೊಂಡು ಅಂಗಡಿಗೆ ಹೋಗುವವರಿದ್ದಾರೆ. ಮೊದಲ ಔಷಧಿ ಗುದ್ದಲಿ. ಅದನ್ನು ಹಿಡಿಯಬೇಕಾದದ್ದು ಮಾತ್ರ ಮರ ಕಳೆದುಕೊಳ್ಳುವವನು ಅಲ್ಲ, ಅವನ ಕೆಳಗಿನವನು.

ಬೇಸಗೆಯಲ್ಲಿ ಇದೇ ಕಣಿವೆಯ ಲೆಕ್ಕ ತಿರುಗಿ ನಿಲ್ಲುತ್ತದೆ. ಜನವರಿಯಿಂದ ಮೇ ತನಕ ನೀರು ಮೊದಲು ಸಿಗುವುದು ಮೇಲಿನವನಿಗೆ. ಅವನು ಹಳ್ಳಕ್ಕೆ ಅಡ್ಡ ಹಾಕಿ ತನ್ನ ತೋಟ ತೋಯಿಸಿಕೊಂಡ ಮೇಲೆ ಉಳಿದದ್ದು ಕೆಳಗೆ ಬರಬೇಕು. ಮಳೆಗಾಲದಲ್ಲಿ ಕೆಳಗಿನವನ ಕೈ ಮೇಲು, ಬೇಸಗೆಯಲ್ಲಿ ಮೇಲಿನವನ ಕೈ ಮೇಲು. ಜುಲೈನಲ್ಲಿ ಕಾಲುವೆ ಬಿಡಿಸದವನಿಗೆ ಮಾರ್ಚಿನಲ್ಲಿ ನೀರು ಬಿಡುವ ಮನಸ್ಸು ಯಾರಿಗೂ ಬರುವುದಿಲ್ಲ. ಹಳೆಯ ಕಣಿವೆಗಳಲ್ಲಿ ಕಾಗದ, ಸಹಿ, ಮೊಹರು ಯಾವುದೂ ಇಲ್ಲದೆ ಕಾಲುವೆಗಳು ಚೊಕ್ಕಟವಾಗಿ ಉಳಿದದ್ದಕ್ಕೆ ಜನರ ಒಳ್ಳೆಯತನ ಒಂದು ಕಾರಣವಿರಬಹುದು. ಅದಕ್ಕಿಂತ ಗಟ್ಟಿಯಾದ ಕಾರಣ ಈ ಎರಡು ಋತುಗಳ ಹಂಗು.

ಅರ್ಥಶಾಸ್ತ್ರದ ಪಠ್ಯದಲ್ಲಿ ಈ ವಿಷಯ ಬರುವುದು ಬೇರೆ ರೂಪದಲ್ಲಿ. 1954ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಸಾರ್ವಜನಿಕ ಸರಕಿಗೆ ಗಣಿತದ ರೂಪ ಕೊಟ್ಟರು. ಅಲ್ಲಿಂದ ಬೆಳೆದ ವಿಂಗಡಣೆ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ನಾನು ಬಳಸಿದರೆ ನಿಮಗೆ ಕಡಿಮೆಯಾಗುತ್ತದೆಯೇ? ಹಣ ಕೊಡದವನನ್ನು, ದುಡಿಯದವನನ್ನು ಹೊರಗಿಡಲು ಆಗುತ್ತದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಅದು ಸಾರ್ವಜನಿಕ ಸರಕು. ಕಾಡಿನಲ್ಲಿ ಸತ್ತ ಮಂಗ ಕಂಡಾಗ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುವುದು ಇದಕ್ಕೆ ಒಳ್ಳೆಯ ಉದಾಹರಣೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವಿರುದ್ಧ ಇಂದಿಗೂ ಆ ಸುದ್ದಿಯೇ ಮೊದಲ ಎಚ್ಚರಿಕೆ. ಒಬ್ಬ ತಿಳಿಸಿದರೆ ಊರಿಗೆಲ್ಲ ರಕ್ಷಣೆ, ತಿಳಿಸಲು ಅಲೆದ ಅರ್ಧ ದಿನ ಮಾತ್ರ ಅವನೊಬ್ಬನದು. ಬಳಸಿದರೆ ಕಡಿಮೆಯಾಗುತ್ತದೆ, ಆದರೆ ಹೊರಗಿಡುವುದು ಕಷ್ಟ ಎಂದಾದರೆ ಅದು ಸಾಮೂಹಿಕ ಸಂಪನ್ಮೂಲ: ಹಳ್ಳದ ನೀರು, ಕಾನು ಎಂದು ಕರೆಯುವ ಊರ ಕಾಡಿನ ಹಣ್ಣು, ಗೋಮಾಳದ ಹುಲ್ಲು, ನೆಲದಡಿಯ ನೀರು.

ಇವೆರಡರಲ್ಲೂ ಬಿಟ್ಟಿ ಸವಾರಿಗೆ, ಅಂದರೆ ತಾನು ದುಡಿಯದೆ ಇತರರ ದುಡಿಮೆಯ ಲಾಭ ಪಡೆಯುವುದಕ್ಕೆ, ಜಾಗವಿದೆ. ಬಿಟ್ಟಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಮುಖ. ಬಿಟ್ಟಿ ಊಟ ಎಂದರೆ ದುಡ್ಡು ಕೊಡದೆ ಉಂಡದ್ದು. ಬಿಟ್ಟಿ ಚಾಕರಿ ಎಂದರೆ ಕೂಲಿ ಸಿಗದೆ ದುಡಿದದ್ದು. ಒಬ್ಬನ ಬಿಟ್ಟಿ ಊಟ ಇನ್ನೊಬ್ಬನ ಬಿಟ್ಟಿ ಚಾಕರಿ ಎಂಬುದನ್ನು ಭಾಷೆ ಒಂದೇ ಪದದಲ್ಲಿ ಹಿಡಿದಿಟ್ಟಿದೆ.

ಹಳ್ಳಕ್ಕೆ ಕಟ್ಟು ಹಾಕುವುದನ್ನೇ ತೆಗೆದುಕೊಳ್ಳೋಣ. ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ ಇವು: ಹತ್ತು ಮನೆ, ಇಪ್ಪತ್ತು ಆಳಿನ ಕೆಲಸ, ಆಳಿಗೆ 600 ರೂಪಾಯಿಯಂತೆ ಒಟ್ಟು ಖರ್ಚು 12,000. ಕಟ್ಟು ನಿಂತು ಬಾವಿಗಳಲ್ಲಿ ನೀರು ಉಳಿದರೆ ಮನೆಗೆ 4,000 ರೂಪಾಯಿಯ ಲಾಭ, ಒಟ್ಟು 40,000. ಊರಿನ ದೃಷ್ಟಿಯಲ್ಲಿ ಯೋಚನೆಯೇ ಬೇಡದ ಕೆಲಸ. ಒಂದು ಮನೆಯ ದೃಷ್ಟಿಯಲ್ಲಿ ನೋಡಿ. ಎಲ್ಲರೊಡನೆ ಸೇರಿದರೆ 1,200 ಖರ್ಚಾಗಿ 2,800 ಉಳಿಯುತ್ತದೆ. ಉಳಿದ ಒಂಬತ್ತು ಮನೆಯವರು ಹೇಗೂ ಕಟ್ಟುತ್ತಾರೆ ಎಂದು ಮನೆಯಲ್ಲೇ ಕೂತರೆ 4,000ವೂ ಉಳಿಯುತ್ತದೆ. ಯಾರೂ ಬಾರದೆ ಒಬ್ಬನೇ ಕಟ್ಟಲು ಹೊರಟರೆ 8,000 ಕೈಬಿಡುತ್ತದೆ. ಪ್ರತಿಯೊಬ್ಬನೂ ಈ ಲೆಕ್ಕವನ್ನಷ್ಟೇ ಹಾಕಿದರೆ ಕಟ್ಟು ಏಳುವುದಿಲ್ಲ, 40,000 ಹಳ್ಳದಲ್ಲಿ ಹರಿದು ಹೋಗುತ್ತದೆ. 1965ರಲ್ಲಿ ಮ್ಯಾನ್ಕರ್ ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ಗುಂಪು ಸಣ್ಣದಿದ್ದರೆ ಕೆಲಸ ನಡೆಯುವ ಸಂಭವ ಹೆಚ್ಚು, ಗುಂಪಿನಲ್ಲಿ ಒಬ್ಬನಿಗೆ ಬಹಳ ಲಾಭವಿದ್ದರೆ ಅವನೊಬ್ಬನೇ ಮಾಡಿಬಿಡಬಹುದು, ಉಳಿದವರು ಅವನ ಬೆನ್ನೇರುತ್ತಾರೆ. ಮೇಲಿನ ಲೆಕ್ಕದಲ್ಲಿ ಒಂದು ಮನೆಗೆ 15,000 ಲಾಭವಿದ್ದರೆ ಅವರು ಯಾರಿಗೂ ಕಾಯುವುದಿಲ್ಲ. ಊರಿನ ದೊಡ್ಡ ತೋಟದವರು ಕಟ್ಟು ಹಾಕಿಸುವುದನ್ನು ನಿಲ್ಲಿಸಿದ ವರ್ಷ ಕೆಳಗಿನ ಸಣ್ಣ ಹಿಡುವಳಿಗಳೆಲ್ಲ ಒಣಗುವುದು ಈ ಕಾರಣಕ್ಕೆ.

ಈ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆಯಿದೆ. ಅಲ್ಲಿ ಹತ್ತೂ ಮನೆ ಸಮತಟ್ಟಾದ ನೆಲದಲ್ಲಿವೆ, ಎಲ್ಲರೂ ಒಂದೇ ಥರ. ಮಲೆನಾಡಿನಲ್ಲಿ ಹಾಗಿಲ್ಲ. ಇಲ್ಲಿ ನೀರು, ಮಣ್ಣು, ರೋಗ ಎಲ್ಲಕ್ಕೂ ದಿಕ್ಕಿದೆ. ಯಾರು ಯಾರ ಬೆನ್ನೇರುತ್ತಾರೆ ಎಂಬುದನ್ನು ಬಹಳ ಮಟ್ಟಿಗೆ ಇಳಿಜಾರೇ ನಿರ್ಧರಿಸುತ್ತದೆ. ಹಾಗಾಗಿ ಯಾವುದೇ ಸಾಮೂಹಿಕ ಕೆಲಸ ಬಿದ್ದುಹೋದಾಗ ಮೊದಲು ಕೇಳಬೇಕಾದದ್ದು ಜನರೇಕೆ ಸ್ವಾರ್ಥಿಗಳಾದರು ಎಂದಲ್ಲ. ಮೇಲಿನವನಿಗೆ ಕೆಳಗಿನವನ ಅಗತ್ಯ ಯಾವಾಗ ತಪ್ಪಿತು ಎಂದು.

ಮಣ್ಣಿನ ಕಟ್ಟು ಹಾಕುವುದು ಹೇಗೆಂದು ನೋಡಿದರೆ ಈ ಅಗತ್ಯ ಎಲ್ಲಿಂದ ಹುಟ್ಟುತ್ತಿತ್ತು ಎಂಬುದು ಕಾಣುತ್ತದೆ. ಕೆಲಸಕ್ಕೆ ಇಳಿಯಬೇಕಾದದ್ದು ಸ್ವಾತಿ, ವಿಶಾಖ ಮಳೆಗಳ ಕೊನೆಯ ಹನಿ ಮುಗಿದು ಹಳ್ಳದ ಸೆಳವು ತಗ್ಗಿದ ಮೇಲೆ, ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್ ಮೊದಲ ವಾರ. ಹದಿನೈದು ದಿನ ಮುಂಚೆ ಹಾಕಿದರೆ ಒಂದು ಅಕಾಲ ಮಳೆಗೆ ಕೊಚ್ಚಿಹೋಗುತ್ತದೆ, ಒಂದು ತಿಂಗಳು ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಮೊದಲು ತಳದ ಮರಳು, ಕೊಳೆತ ಎಲೆ ಬಳಿದು ಗಟ್ಟಿ ನೆಲ ಸಿಗುವ ತನಕ ಹೋಗಬೇಕು. ಇದನ್ನು ಬಿಟ್ಟರೆ ನೀರು ಕಟ್ಟಿನ ಅಡಿಯಿಂದಲೇ ನುಸುಳುತ್ತದೆ. ಎರಡೂ ದಡಗಳನ್ನು ಒಂದೆರಡು ಅಡಿ ಒಳಕ್ಕೆ ಕೊರೆದು ಕಟ್ಟನ್ನು ಅಲ್ಲಿಗೆ ಕಚ್ಚಿಸಬೇಕು. ಇಲ್ಲದಿದ್ದರೆ ನೀರು ಪಕ್ಕದಿಂದ ದಾರಿ ಮಾಡಿಕೊಂಡು ದಡವನ್ನೇ ತಿನ್ನುತ್ತದೆ. ಗೊಬ್ಬರದ ಚೀಲಗಳಿಗೆ ಮುಕ್ಕಾಲು ಭಾಗ ಮಾತ್ರ ಮಣ್ಣು ತುಂಬಬೇಕು. ಬಾಯ್ತನಕ ತುಂಬಿದ ಚೀಲ ಉರುಟಾಗಿ ನಿಂತು ನಡುವೆ ಸಂದು ಬಿಡುತ್ತದೆ. ಇಟ್ಟಿಗೆ ಗೋಡೆಯಂತೆ ಸಂದಿನ ಮೇಲೆ ಚೀಲ ಬರುವ ಹಾಗೆ ಪೇರಿಸಿ, ಮೇಲ್ಮಗ್ಗುಲಿಗೆ ಜಿಗುಟು ಮಣ್ಣು ಮೆತ್ತಿ, ಪ್ಲಾಸ್ಟಿಕ್ ಹಾಳೆ ಹಾಸಬೇಕು. ನಡುವೆ ಒಂದು ಕಡೆ ತಗ್ಗು ಬಿಟ್ಟು ಹೆಚ್ಚಿನ ನೀರು ಅಲ್ಲಿಂದಲೇ ಇಳಿಯುವಂತೆ ಮಾಡಬೇಕು. ಇಳಿದ ನೀರು ಬೀಳುವ ಜಾಗಕ್ಕೆ ಕಲ್ಲು ಹಾಸದಿದ್ದರೆ ಕಟ್ಟಿನ ಬುಡವೇ ಕೊರೆದುಹೋಗುತ್ತದೆ.

ಇಷ್ಟೆಲ್ಲ ಒಂದೆರಡು ದಿನದಲ್ಲಿ ಮುಗಿಯಬೇಕು. ಹರಿಯುವ ನೀರಿನಲ್ಲಿ ಅರ್ಧ ಕಟ್ಟು ಎಂಬುದಿಲ್ಲ. ಒಂದು ಮನೆಯ ಇಬ್ಬರಿಂದ ಆಗದ ಕೆಲಸ. ಮೇಲಿನವನು ತನ್ನ ಕಟ್ಟಿಗೆ ಕೆಳಗಿನವನನ್ನು ಮುಯ್ಯಾಳಾಗಿ ಕರೆಯಲೇಬೇಕು, ಆಮೇಲೆ ಅವನ ಕಟ್ಟಿಗೂ ಹೋಗಲೇಬೇಕು. ಹಾಗೆ ಬಂದು ಮೊಣಕಾಲುದ್ದ ನೀರಿನಲ್ಲಿ ನಿಂತು ಚೀಲ ಹೊತ್ತವನಿಗೆ ಹತ್ತು ದಿನಕ್ಕೊಮ್ಮೆ ನೀರು ಬಿಡುವುದಿಲ್ಲ ಎಂದು ಹೇಳುವುದು ಕಷ್ಟ. ಮಳೆಗಾಲ ಬಂದು ಕಟ್ಟನ್ನು ಒಯ್ಯುತ್ತದೆ, ಮುಂದಿನ ಡಿಸೆಂಬರಿನಲ್ಲಿ ಮತ್ತೆ ಕರೆ ಹೋಗುತ್ತದೆ.

ಎಲಿನರ್ ಆಸ್ಟ್ರಮ್ ಮತ್ತು ಅವರ ಜೊತೆಗಾರರು ನೇಪಾಳದ ನೀರಾವರಿ ಕಾಲುವೆಗಳಲ್ಲಿ ಕಂಡದ್ದು ಇದನ್ನೇ. ಅಲ್ಲಿ ಹೊಳೆಯ ನೀರನ್ನು ಕಾಲುವೆಗೆ ತಿರುಗಿಸುವ ತಲೆಕಟ್ಟನ್ನು ರೈತರೇ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟುತ್ತಿದ್ದರು, ಪ್ರತಿ ಮಳೆಗಾಲವೂ ಅದನ್ನು ಒಯ್ಯುತ್ತಿತ್ತು. ಕಾಲುವೆಯ ತಲೆಯಲ್ಲಿದ್ದವರಿಗೆ ಅದನ್ನು ಮತ್ತೆ ಕಟ್ಟಲು ಬಾಲದವರ ಮೈಶ್ರಮ ಬೇಕಿತ್ತು, ಅದಕ್ಕೆ ಬದಲಾಗಿ ನೀರು ಬಾಲದ ತನಕ ಹೋಗುತ್ತಿತ್ತು. ಹೊರಗಿನ ಹಣದಿಂದ ಕಾಂಕ್ರೀಟಿನ ಶಾಶ್ವತ ತಲೆಕಟ್ಟು ಬಂದ ಎಷ್ಟೋ ಕಡೆ ಬಾಲದವರ ಪಾಲಿನ ನೀರು ಕಡಿಮೆಯಾಯಿತು. ಎಂಜಿನಿಯರಿಂಗ್ ಉತ್ತಮವಾಗಿತ್ತು. ತಲೆಯವರಿಗೆ ಬಾಲದವರ ಅಗತ್ಯ ಮಾತ್ರ ಮುಗಿದಿತ್ತು. ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ. ಅವರ ಕೆಲಸದಲ್ಲಿ ಮಲೆನಾಡಿಗೆ ಅತ್ಯಂತ ಹತ್ತಿರವಾದದ್ದು ಈ ನೇಪಾಳದ ಪಾಠವೇ ಎಂದು ನನ್ನ ಎಣಿಕೆ.

ನಮ್ಮಲ್ಲಿ ಆ ಕಾಂಕ್ರೀಟಿನ ಜಾಗಕ್ಕೆ ಎರಡು ಬಂದವು, ಕಿಂಡಿ ಅಣೆಕಟ್ಟು ಮತ್ತು ಬೋರ್‌ವೆಲ್.

ಕಿಂಡಿ ಅಣೆಕಟ್ಟು ಒಳ್ಳೆಯ ಕಟ್ಟೋಣ, ಅದನ್ನು ಬೇಡ ಎನ್ನುವವನು ನಾನಲ್ಲ. ಆದರೆ ಅದು ತಾನಾಗಿ ಕೆಲಸ ಮಾಡುವ ಯಂತ್ರವಲ್ಲ. ಹಳ್ಳದ ಸೆಳವು ತಗ್ಗಿದಾಗ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿ ತುಳಿಯಬೇಕು. ರೋಹಿಣಿ ಮಳೆಗೆ ಮುಂಚೆ ಅದನ್ನೆಲ್ಲ ತೆಗೆದು, ಹಲಗೆಗಳನ್ನು ಒಣಗಿಸಿ, ಮಳೆ ಬೀಳದ ಕಡೆ ಎತ್ತಿಡಬೇಕು. ಹಲಗೆ ಹಾಕಲು ಮರೆತರೆ ಲಕ್ಷಗಟ್ಟಲೆ ಸುರಿದ ಕಟ್ಟಡ ಬರಿಯ ಕಾಲುಸಂಕ. ತೆಗೆಯಲು ಮರೆತರೆ ಮೊದಲ ನೆರೆಗೆ ಮರದ ದಿಮ್ಮಿ, ಕಸ ಬಂದು ಅಡ್ಡ ಕೂತು ಹಳ್ಳ ಪಕ್ಕದ ಗದ್ದೆಗೆ ನುಗ್ಗುತ್ತದೆ. ವರ್ಷಕ್ಕೆ ಎರಡು ಸಲ, ನಾಲ್ಕು ಜನರ ಒಂದು ದಿನದ ಕೆಲಸ ಅಷ್ಟೆ. ಅಷ್ಟು ಚಿಕ್ಕದಾದ್ದರಿಂದಲೇ ಅದು ಯಾರ ಹೆಸರಿಗೂ ಅಂಟಿಕೊಳ್ಳುವುದಿಲ್ಲ. ಇಪ್ಪತ್ತು ಆಳು ಬೇಕಾಗಿದ್ದ ಮಣ್ಣಿನ ಕಟ್ಟಿಗೆ ಊರು ಸೇರುತ್ತಿತ್ತು. ನಾಲ್ಕು ಜನರ ಕೆಲಸಕ್ಕೆ ಸಭೆ ಕರೆಯುವವರಿಲ್ಲ. ಕಟ್ಟಡಕ್ಕೆ ಹಣ ಮಂಜೂರಾಗುವ ದಿನವೇ ಹಲಗೆಯ ಉಸ್ತುವಾರಿ ಯಾರದು, ಅವರಿಗೆ ಕೂಲಿ ಎಲ್ಲಿಂದ, ಹಲಗೆ ಕೊಳೆತರೆ ಹೊಸದು ಯಾರ ಖರ್ಚಿನಲ್ಲಿ ಎಂದು ಬರೆದಿಡದಿದ್ದರೆ ನಾಲ್ಕನೆಯ ವರ್ಷಕ್ಕೆ ಕಿಂಡಿಗಳು ಖಾಲಿ ನಿಲ್ಲುತ್ತವೆ.

ಬೋರ್‌ವೆಲ್ ಮಾಡಿದ್ದು ಇದಕ್ಕಿಂತ ಆಳದ ಬದಲಾವಣೆ. ಕೆಳಗಿನ ತೋಟದವನು ಸ್ವಂತ ಬೋರ್ ಹಾಕಿಸಿದ ದಿನ ಅವನಿಗೆ ಮೇಲಿನವನ ನೀರಿನ ಹಂಗು ಹೋಯಿತು. ಒಳ್ಳೆಯದೇ. ಅದರ ಜೊತೆಗೆ ಮಳೆಗಾಲದಲ್ಲಿ ಕಾಲುವೆ ಬಿಡಿಸಿಕೊಡುವ ಕಾರಣವೂ ಹೋಯಿತು. ಮೇಲಿನ ತೋಟದಲ್ಲಿ ಹಿಡಿಮುಂಡಿಗೆ ಕಾಣಿಸಿದರೆ ಅದರ ಬೇರು ಕೆಳಗಿನ ತೋಟದ ಬೋರ್‌ವೆಲ್‌ನಲ್ಲಿ ಇರಬಹುದು ಎಂದು ಯಾರು ತಾನೇ ಊಹಿಸುತ್ತಾರೆ? ಅಲ್ಲಿಗೂ ಮುಗಿಯುವುದಿಲ್ಲ. ನೆಲದಡಿಯ ನೀರೂ ಸಾಮೂಹಿಕವೇ, ಅದು ಕಣ್ಣಿಗೆ ಕಾಣದು ಅಷ್ಟೆ. ಹಳ್ಳದಲ್ಲಿ ನೀರು ತಗ್ಗಿದ್ದು ಎಲ್ಲರಿಗೂ ಕಾಣುತ್ತದೆ, ಯಾರು ಎಷ್ಟು ತಿರುಗಿಸಿಕೊಂಡರು ಎಂಬುದೂ ಕಾಣುತ್ತದೆ. ನೂರಾರು ಅಡಿ ಕೆಳಗಿನ ಬಂಡೆಯ ಬಿರುಕಿನಲ್ಲಿ ಯಾರ ಪಂಪು ಯಾರ ನೀರು ಎಳೆಯುತ್ತಿದೆ ಎಂದು ಬೆರಳು ತೋರಿಸಲು ಆಗದು. ಕರ್ನಾಟಕದಲ್ಲಿ 10 ಅಶ್ವಶಕ್ತಿ ತನಕದ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಹಾಗಾಗಿ ಇನ್ನೊಂದು ಗಂಟೆ ಹೆಚ್ಚು ಓಡಿಸಿದರೆ ಖರ್ಚಿಲ್ಲ. ಹನಿ ನೀರಾವರಿಯಲ್ಲಿ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಸಾಕು. ಕರೆಂಟು ಬಂದಾಗ ತಾನಾಗಿ ಶುರುವಾಗುವ ಸ್ವಿಚ್ಚಿಗೆ ಆ ಲೆಕ್ಕ ಗೊತ್ತಿಲ್ಲ. ಉಳಿಸಿದ ನೀರು ನನಗೇ ಉಳಿಯುತ್ತದೆ ಎಂಬ ಭರವಸೆ ಇಲ್ಲದ ಕಡೆ ಉಳಿಸುವವನು ಪಕ್ಕದ ಬೋರಿಗೆ ದಾನ ಮಾಡಿದಂತೆ. ಈ ಸ್ಥಿತಿಯಲ್ಲಿ ರೈತನನ್ನು ದುರಾಸೆಯವನು ಎಂದು ಬೈಯುವುದು ನ್ಯಾಯವಲ್ಲ.

ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಸಾಮೂಹಿಕ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ಬರೆದಾಗ ಅವರ ಕಣ್ಣ ಮುಂದಿದ್ದದ್ದು ಇಂಥದೇ ಸ್ಥಿತಿ: ಬಾಗಿಲಿಲ್ಲ, ಕಾಯುವವರಿಲ್ಲ, ಕಟ್ಟಳೆ ಇಲ್ಲ. ‘ನಿರ್ವಹಣೆಯಿಲ್ಲದ’ ಎಂಬ ವಿಶೇಷಣ ಸೇರಿಸಬೇಕಿತ್ತು ಎಂದು ಅವರೇ ಮುಂದೆ ಒಪ್ಪಿಕೊಂಡರು. ಆ ಒಂದು ಪದದ ಕೊರತೆಯಿಂದ ಊರಿನ ಸೊತ್ತು ಎಂದರೆ ವಾರಸುದಾರರಿಲ್ಲದ ಸೊತ್ತು ಎಂಬ ಭಾವನೆ ಎಷ್ಟೋ ಕಚೇರಿಗಳಲ್ಲಿ ಗಟ್ಟಿಯಾಯಿತು.

ಹಾರ್ಡಿನ್ ಹೇಳಿದ್ದು ಅಕ್ಷರಶಃ ನಡೆಯುವುದನ್ನು ನೋಡಬೇಕೆಂದರೆ ಉಪ್ಪಾಗೆ ಮರದ ಕೆಳಗೆ ನಿಲ್ಲಬೇಕು. ಮಳೆಗಾಲದಲ್ಲಿ ಹಣ್ಣಾಗುವ ಈ ಕಾಡು ಮರದ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ, ಮನೆ ಮಟ್ಟಿಗೆ ಬಳಕೆಯಲ್ಲಿತ್ತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಬೊಜ್ಜು ಕರಗಿಸುವ ಮಾತ್ರೆಗಳ ಮಾರುಕಟ್ಟೆಯಲ್ಲಿ ಬೇಡಿಕೆ ಹುಟ್ಟಿದ ಮೇಲೆ, 1990ರ ದಶಕದಲ್ಲಿ ಇದಕ್ಕೆ ದೊಡ್ಡ ಬೆಲೆ ಬಂತು. ಹಣ್ಣು ಹಳದಿಯಾಗಿ ತಾನಾಗಿ ಉದುರುವ ತನಕ ಕಾದರೆ ಸಿಪ್ಪೆ ದಪ್ಪ, ಬೀಜ ಬಲಿತದ್ದು, ಮಂಗ, ಕರಡಿ, ಪುನುಗು ಬೆಕ್ಕಿಗೂ ಪಾಲು. ಆದರೆ ಕಾಯುವುದು ಯಾರಿಗಾಗಿ? ನಾಳೆ ಬಂದರೆ ಇನ್ನೊಬ್ಬ ಕೊಯ್ದಿರುತ್ತಾನೆ. ಹಾಗಾಗಿ ಒಂದು ವಾರ ಮುಂಚೆ, ಮರುವರ್ಷ ಅದಕ್ಕೂ ಒಂದು ವಾರ ಮುಂಚೆ, ಕೊನೆಗೆ ಎಳೆಗಾಯಿಯನ್ನೇ ಕೊಂಬೆ ಸಮೇತ ಕಡಿಯುವ ತನಕ ಹೋಗುತ್ತದೆ. ಗಂಡು ಮರ, ಹೆಣ್ಣು ಮರ ಬೇರೆಯಾದ ಜಾತಿ ಇದು. ಕೊಂಬೆ ಕಳೆದುಕೊಳ್ಳುವುದೆಲ್ಲ ಹಣ್ಣು ಬಿಡುವ ಮರಗಳೇ. ಬಲಿಯದ ಬೀಜ ಮೊಳೆಯುವುದಿಲ್ಲ. ಜಡಿಮಳೆಯಲ್ಲಿ ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲಿನ ತಟ್ಟಿಯಲ್ಲಿ ಒಣಗಿಸಬೇಕು, ಆ ಸೌದೆಯೂ ಅದೇ ಕಾಡಿನದು.

ಇಲ್ಲಿ ಬಿಟ್ಟಿ ಸವಾರಿ ಎಂದರೆ ಕೆಲಸಕ್ಕೆ ಬಾರದಿರುವುದಲ್ಲ, ಎಲ್ಲರಿಗಿಂತ ಮೊದಲು ಬರುವುದು. ಔಷಧವೂ ಅದಕ್ಕೆ ತಕ್ಕಂತೆ ಬೇರೆ. ಆಳು ಕಲೆಹಾಕುವುದು ಬೇಕಿಲ್ಲ, ಒಂದು ತಾರೀಕು ಬೇಕು. ಕರ್ನಾಟಕದಲ್ಲಿ 1993ರಿಂದ ಜಂಟಿ ಅರಣ್ಯ ಯೋಜನೆ ಇದೆ, ಗ್ರಾಮ ಅರಣ್ಯ ಸಮಿತಿಗಳಿವೆ. ಸಮಿತಿ ಇಂಥ ದಿನದ ಮುಂಚೆ ಯಾರೂ ಉಪ್ಪಾಗೆ ಮುಟ್ಟಬಾರದು ಎಂದು ಗೊತ್ತುಮಾಡಿ, ಆ ದಿನಕ್ಕೆ ಮುಂಚೆ ಬಂದ ಹಸಿ ಸಿಪ್ಪೆಯನ್ನು ಊರಿನ ಯಾವ ಖರೀದಿದಾರನೂ ಕೊಳ್ಳದಂತೆ ಮಾಡಿದರೆ ಕಾಡು ಕಾಯುವ ಕೆಲಸ ಅರ್ಧ ಕಡಿಮೆ. ಮರವೊಂದೊಂದಕ್ಕೂ ಕಾವಲು ಹಾಕಲಾಗದು. ಸಿಪ್ಪೆ ಮಾರುವ ಜಾಗ ಮಾತ್ರ ಊರಿಗೆ ಒಂದೆರಡೇ.

ಅಡಿಕೆಯ ಕೊಳೆ ರೋಗದ ಲೆಕ್ಕ ಮತ್ತೊಂದು ಬಗೆ. ಒಂದು ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಇದನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದರು. ಅದಕ್ಕೂ ಮುಂಚೆ ಕರಡದ ಹುಲ್ಲಿನ ಕೊಟ್ಟೆ ಹೆಣೆದು ಕೊನೆಕೊನೆಗೂ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟಿದವನ ಕೊನೆಗೆ ಮಾತ್ರ ರಕ್ಷಣೆ. ಔಷಧಿ ಹಾಗಲ್ಲ. ರೋಗದ ಬೀಜಕಣ ಮಳೆಯ ಸಿಡಿತ, ಗಾಳಿಯ ಜೊತೆ ಹೋಗುವುದರಿಂದ ನಾನು ಹೊಡೆದ ಔಷಧಿ ನಿಮ್ಮ ತೋಟವನ್ನೂ ಅಷ್ಟಿಷ್ಟು ಕಾಯುತ್ತದೆ, ನೀವು ಹೊಡೆಯದೆ ಬಿಟ್ಟದ್ದು ನನ್ನ ತೋಟವನ್ನು ಕಾಡುತ್ತದೆ.

ದ್ರಾವಣದ ಪ್ರಮಾಣ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತಪ್ಪು ಆಗುವುದು ಕಲಸುವಲ್ಲಿ. ಮೈಲುತುತ್ತವನ್ನು ಒಂದು ಡ್ರಮ್ಮಿನ 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದರ 50 ಲೀಟರಿನಲ್ಲಿ ಕರಗಿಸಿ ಸೋಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನ ಹೊಯ್ಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಅಂದು ಕಲಸಿದ್ದು ಅಂದೇ ಮುಗಿಯಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನಕ್ಕೆ ಮತ್ತೊಂದು, ಮಳೆ ಬಿಡದಿದ್ದರೆ ಮೂರನೆಯದು.

ಇದರಲ್ಲಿ ಬಿಟ್ಟಿ ಸವಾರಿಯ ಆಸೆ ಕಡಿಮೆ, ಯಾಕೆಂದರೆ ಹೊಡೆದವನ ಫಸಲು ಮೊದಲು ಉಳಿಯುತ್ತದೆ. ಆದರೆ ಕಣಿವೆಯ ಒಟ್ಟು ರಕ್ಷಣೆ ಎಲ್ಲರ ಪ್ರಯತ್ನದ ಮೊತ್ತವಲ್ಲ. ಎಲ್ಲಕ್ಕಿಂತ ಕಡಿಮೆ ಮಾಡಿದವನ ಮಟ್ಟಕ್ಕೆ ಅದು ಇಳಿಯುತ್ತದೆ. 1983ರಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಕ್ ಹಿರ್ಶ್‌ಲೈಫರ್ ಇದನ್ನು ಸರಪಳಿಯ ದುರ್ಬಲ ಕೊಂಡಿ ಎಂದು ಕರೆದರು. ಈಗ ಮಲೆನಾಡಿನ ಕಣಿವೆಗಳಲ್ಲಿ ಆ ಕೊಂಡಿ ಬಡವನ ತೋಟವಲ್ಲ, ಊರಲ್ಲಿ ಇಲ್ಲದವನ ತೋಟ. ಮಕ್ಕಳು ಬೆಂಗಳೂರಿನಲ್ಲಿ, ಮನೆಗೆ ಬೀಗ, ತೋಟ ವಹಿಸಿಕೊಂಡು ಮಾಡುವವರು ಸಿಕ್ಕಿಲ್ಲ, ಮರ ಹತ್ತುವವರು ಸಿಗದೆ ಔಷಧಿ ಬಿದ್ದಿಲ್ಲ. ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಬೆಳೆದು ಅಲ್ಲಿಂದಲೇ ರೋಗ ಸುತ್ತಲಿಗೆ ಹೊರಡುತ್ತದೆ. ಇಂಥಲ್ಲಿ ಜಗಳದಿಂದ ಪ್ರಯೋಜನವಿಲ್ಲ. ಸುತ್ತಲಿನ ನಾಲ್ಕು ಮನೆಯವರು ಅವನ ಒಪ್ಪಿಗೆ ಪಡೆದು, ತಮ್ಮದಕ್ಕೆ ಬಂದ, ದೋಟಿ ಎಂಬ ಉದ್ದ ಕೋಲಿನಿಂದ ಔಷಧಿ ಹೊಡೆಯುವ ತಂಡದಿಂದಲೇ ಅವನ ತೋಟಕ್ಕೂ ಹೊಡೆಸಿ, ಖರ್ಚನ್ನು ಅವನ ಫಸಲಿನಲ್ಲಿ ಹಿಡಿದುಕೊಳ್ಳುವುದು ಜಾಣತನ. ಅವನು ಕೊಡದಿದ್ದರೂ ಹೊಡೆಸುವುದೇ ಲಾಭವಾಗುವ ಸಂದರ್ಭಗಳಿವೆ. ಆ ಲೆಕ್ಕ ಮನಸ್ಸಿಗೆ ಕಹಿ, ಆದರೆ ಸರಿ.

ಮಂಗಗಳದ್ದು ಇದರ ತದ್ವಿರುದ್ಧ. ಪಟಾಕಿ ಹೊಡೆದು, ಬೇಲಿ ಹಾಕಿ ನಾನು ಓಡಿಸಿದ ಹಿಂಡು ನಿಮ್ಮ ತೋಟಕ್ಕೆ ಬರುತ್ತದೆ, ನೀವು ಓಡಿಸಿದ್ದು ನನ್ನದಕ್ಕೆ. ಎಲ್ಲರೂ ಕಷ್ಟಪಟ್ಟು ದುಡಿಯುತ್ತಾರೆ, ಒಟ್ಟು ನಷ್ಟ ಕಡಿಮೆಯಾಗುವುದಿಲ್ಲ.

ಹಿಂದಿನವರು ಇದನ್ನೆಲ್ಲ ಬರಿಯ ಸದ್ಭಾವನೆಯಿಂದ ನಡೆಸಿದರು ಎಂದುಕೊಳ್ಳುವುದು ತಪ್ಪು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಸ್ತಂಭ ಶಾಸನವಿದೆ, ಕುಬ್ಜ ಕವಿ ರಚಿಸಿದ್ದು. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಕೆರೆ ಕಟ್ಟಿಸುವವರಿಗೆ ಪುಣ್ಯ, ಕೀರ್ತಿ ಎರಡೂ ಇದ್ದವು. ಕಷ್ಟವಿದ್ದದ್ದು ಆಮೇಲಿನ ನೂರಾರು ವರ್ಷ ಹೂಳೆತ್ತಿ, ಏರಿ ಭದ್ರಪಡಿಸಿ, ತೂಬು ಸರಿ ಇಡುವುದರಲ್ಲಿ. ಅದಕ್ಕೆಂದೇ ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ: ಕೆರೆಯ ಕೆಲಸಕ್ಕೆ, ಕೆರೆ ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ. ಕೆರೆ ತುಂಬಿದರೆ ಅವನ ಗದ್ದೆಯೂ ಬೆಳೆಯುತ್ತದೆ, ಏರಿ ಒಡೆದರೆ ಅವನ ಅನ್ನವೂ ಹೋಗುತ್ತದೆ. ಹೂಳಿನ ವಿಷಯದಲ್ಲೂ ಹಾಗೆಯೇ. ಬೇಸಗೆಯಲ್ಲಿ ಗಾಡಿಗಟ್ಟಲೆ ಹೂಳು ಹೊಡೆಯುತ್ತಿದ್ದವರು ಕೆರೆಯ ಉದ್ಧಾರಕ್ಕೆ ಹೊರಟವರಲ್ಲ, ಅದು ಅವರ ಗದ್ದೆಗೆ ಗೊಬ್ಬರ. ಚೀಲದ ಗೊಬ್ಬರ ಬಂದ ಮೇಲೆ ಗದ್ದೆಗೆ ಕೆರೆಯ ಅಗತ್ಯ ಅಷ್ಟರ ಮಟ್ಟಿಗೆ ಕಡಿಮೆಯಾಯಿತು, ಹೂಳು ಕೆರೆಯಲ್ಲೇ ಉಳಿಯಿತು. ಬೋರ್‌ವೆಲ್ ಕಾದಿಗೆಗೆ ಮಾಡಿದ್ದನ್ನೇ ಗೊಬ್ಬರದ ಚೀಲ ಕೆರೆಗೆ ಮಾಡಿತು.

ಹಾಗೆಂದು ಹಳೆಯ ಕಾಲವನ್ನು ಕರೆಯುತ್ತಿಲ್ಲ. ಕಾದಿಗೆಯಲ್ಲಿ ಸೊಂಟ ಬಗ್ಗಿಸಿದವರು ಬಹಳ ಕಡೆ ತೋಟದ ಒಡೆಯರಾಗಿರಲಿಲ್ಲ. ತೂಬು ಕಾಯುವ ಕೆಲಸ ಜಾತಿಗೆ ಅಂಟಿಕೊಂಡಿತ್ತು, ಸಭೆಯಲ್ಲಿ ಮಾತಾಡುವ ಹಕ್ಕು ಆ ಜಾತಿಗೆ ಇರಲಿಲ್ಲ. ಬಿಟ್ಟಿಯ ಎರಡನೆಯ ಅರ್ಥಕ್ಕೆ ಅದೇ ಉದಾಹರಣೆ. ಆ ಹಂಗು ಕಳಚಿದ್ದು ಒಳ್ಳೆಯದಾಯಿತು. ಅದರ ಜಾಗಕ್ಕೆ ನ್ಯಾಯವಾದ ಇನ್ನೊಂದು ಹಂಗನ್ನು ನಾವು ಕಟ್ಟಲಿಲ್ಲ ಎಂಬುದು ನನ್ನ ಸಂಕಟ.

ಕಟ್ಟಲು ಆಗದ್ದೇನಲ್ಲ. ಹತ್ತು ಮನೆಯ ಕಣಿವೆಗೆ ಒಂದು ನೋಟ್‌ಬುಕ್ಕು ಸಾಕು. ಮೃಗಶಿರಾ ಮಳೆಯ ಮೊದಲ ವಾರದಲ್ಲಿ ಒಂದು ದಿನ ಇಡೀ ನಡುಗಾಲುವೆಯನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತ ಬರಬೇಕು. ಮೇಲಿನಿಂದ ಶುರುಮಾಡಿದರೆ ಬಿಡಿಸಿದ ಕಸವೆಲ್ಲ ಕೆಳಗೆ ಹೋಗಿ ಕೂರುತ್ತದೆ. ಆಳಿನ ಲೆಕ್ಕ ತಲೆಗೊಂದು ಎಂದಲ್ಲ, ಎಕರೆಗೆ ಇಷ್ಟು ಎಂದು ಹಿಡಿದರೆ ಸಣ್ಣ ಹಿಡುವಳಿಯವರಿಗೆ ಅನ್ಯಾಯವಾಗದು. ಬರಲಾಗದವರು ಆ ದಿನದ ಊರ ಕೂಲಿಯನ್ನು ಕಟ್ಟಬೇಕು, ಬೋರ್‌ವೆಲ್ ಇದ್ದವರಿಗೂ ಬೆಂಗಳೂರಿನಲ್ಲಿ ಇರುವವರಿಗೂ ರಿಯಾಯಿತಿ ಇಲ್ಲ. ಈಗ ಫೋನಿನಲ್ಲೇ ಹಣ ಕಳಿಸಬಹುದಾದ್ದರಿಂದ ದೂರ ಒಂದು ನೆಪವಾಗದು. ತಪ್ಪಿದವರಿಗೆ ಮೊದಲ ವರ್ಷ ಮಾತು, ಎರಡನೆಯ ವರ್ಷ ಒಂದೂವರೆ ಕೂಲಿ, ಮೂರನೆಯ ವರ್ಷ ಔಷಧಿಯ ತಂಡದ ಸರದಿಯಲ್ಲಿ ಕೊನೆಯ ಜಾಗ. ದಂಡ ಚಿಕ್ಕದರಿಂದ ಶುರುವಾಗಿ ಏರಬೇಕು ಎಂಬುದು ಬಹುಕಾಲ ಬಾಳಿದ ಸಾಮೂಹಿಕ ವ್ಯವಸ್ಥೆಗಳಲ್ಲೆಲ್ಲ ಆಸ್ಟ್ರಮ್ ಕಂಡ ಲಕ್ಷಣ. ಮೊದಲ ತಪ್ಪಿಗೇ ದೊಡ್ಡ ದಂಡ ಹಾಕಿದರೆ ಮನುಷ್ಯ ಕಣಿವೆಯಿಂದಲೇ ಹೊರಗಾಗುತ್ತಾನೆ. ದಂಡವೇ ಇಲ್ಲದಿದ್ದರೆ ಬಂದು ದುಡಿದವರು ಮುಂದಿನ ವರ್ಷ ಬರುವುದಿಲ್ಲ.

ಇದು ಕೈಗೂಡದ ಕಡೆಯೂ ಒಂದಿದೆ, ಅದು ಕಾನು. ಹಳ್ಳ ಹುಟ್ಟುವುದೇ ಅಲ್ಲಿ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಆಗ ಅವು ಬೈನೆ ಮರ, ಕಾಳುಮೆಣಸಿನ ಆದಾಯವಿದ್ದ, ಊರು ಕಾಯ್ದುಕೊಂಡಿದ್ದ ಕಾಡುಗಳು. ಕಾನಿನ ಅಂಚಿನ ಮನೆಯವರು ಮರ ಉಳಿಸಿದರೆ ಏಪ್ರಿಲಿನಲ್ಲಿ ಹಳ್ಳ ಹರಿಯುವುದು ಮೈಲುಗಟ್ಟಲೆ ಕೆಳಗಿನವರ ಪಾಲಿಗೆ. ಕಾಡುಹಂದಿ, ಮಂಗಗಳ ಕಾಟ ಅಂಚಿನವರಿಗೆ. ಇಲ್ಲಿ ಋತು ತಿರುಗಿ ಲೆಕ್ಕ ಸಮವಾಗುವುದಿಲ್ಲ. ಕೆಳಗಿನವನಿಗೆ ವರ್ಷದ ಹನ್ನೆರಡು ತಿಂಗಳೂ ಮೇಲಿನವನು ಬೇಕು, ಮೇಲಿನವನಿಗೆ ಕೆಳಗಿನವನಿಂದ ಏನೂ ಬೇಕಿಲ್ಲ. ಕೆಳಗಿನ ಪಂಚಾಯಿತಿ ನೀರಿನ ಕರದಿಂದ ಒಂದು ಪಾಲು ತೆಗೆದಿಟ್ಟು, ಕಾನಿನ ಅಂಚಿನ ಬೇಲಿಗೂ ಬೆಳೆನಷ್ಟಕ್ಕೂ ವರ್ಷ ವರ್ಷ ಮೇಲಕ್ಕೆ ಕಳಿಸುವುದು ಬಿಟ್ಟರೆ ನನಗೆ ಬೇರೆ ದಾರಿ ಕಾಣುತ್ತಿಲ್ಲ. ಕಾನಿನ ಅಂಚಿನಲ್ಲಿ ಬೇಲಿ ಕಟ್ಟುವ ಕೆಲಸ ಮಾರ್ಚಿನ ಒಳಗೆ ಮುಗಿಯಬೇಕು. ಆ ಹಣ ಜನವರಿಯಲ್ಲೇ ಮೇಲಕ್ಕೆ ಹೋಗಿರಬೇಕು.